ಮರೆವಿನ ಕಾಯಿಲೆಯ ಹಿರಿಯರಿಗೆ ಮನೆಯಲ್ಲಿ ಆರೈಕೆ: ಯಾವ ಹೊತ್ತಿಗೆ ಯಾವ ನೆರವು?

ಅಮ್ಮನಿಗೆ ಡಿಮೆನ್ಷಿಯಾ ಅಂತ ಡಾಕ್ಟರ್ ಹೇಳಿದ ದಿನ ನಾವು ಮೂವರು ಮಕ್ಕಳು ಒಂದೇ ಪ್ರಶ್ನೆ ಹಿಡಿದುಕೊಂಡು ಕೂತೆವು. 'ಇನ್ನು ಅಮ್ಮನನ್ನ ಯಾರು ನೋಡಿಕೊಳ್ಳೋದು?' ಅಣ್ಣ ನನ್ನ ಮುಖ ನೋಡಿದ. ನಾನು ತಂಗಿಯ ಮುಖ ನೋಡಿದೆ. ಹೀಗೆ ಮುಖ ನೋಡಿಕೊಳ್ಳುವುದರಲ್ಲೇ ಎರಡು ತಿಂಗಳು ಹೋಯಿತು. ಆಮೇಲಿನ ಆರು ವರ್ಷಗಳಲ್ಲಿ ಇರುವ ದಾರಿಗಳನ್ನೆಲ್ಲ ಒಂದೊಂದಾಗಿ ತುಳಿದೆವು. ನಾವೇ ನೋಡಿಕೊಂಡೆವು. ಹಗಲು ಬಂದು ಹೋಗುವವರನ್ನು ಇಟ್ಟುಕೊಂಡೆವು. ಮನೆಯಲ್ಲೇ ಉಳಿಯುವವರನ್ನು ಇಟ್ಟುಕೊಂಡೆವು. ಹಿರಿಯರನ್ನು ಹಗಲು ಹೊತ್ತು ನೋಡಿಕೊಳ್ಳುವ ಡೇ ಕೇರ್‌ಗೂ ಕಳಿಸಿದೆವು. ಕೊನೆಯ ವರ್ಷ ಆರೈಕೆ ಮನೆಗಳ ಬಾಗಿಲನ್ನೂ ತಟ್ಟಿದೆವು.

ಈಗ ಯಾರಾದರೂ ಫೋನ್ ಮಾಡಿ 'ಹೋಂ ನರ್ಸ್ ಇಡೋದಾ, ಡೇ ಕೇರ್‌ಗೆ ಕಳಿಸೋದಾ, ಯಾವುದು ಒಳ್ಳೇದು?' ಅಂತ ಕೇಳಿದರೆ ನಾನು ತಿರುಗಿ ಕೇಳುವುದು ಇಷ್ಟೇ: 'ದಿನದಲ್ಲಿ ಯಾವ ಹೊತ್ತು ನಿಮ್ಮ ಕೈ ಮೀರುತ್ತೆ?' ಹೆಚ್ಚಿನವರಿಗೆ ತಟ್ಟನೆ ಉತ್ತರ ಬರುವುದಿಲ್ಲ. 'ಎಲ್ಲಾ ಹೊತ್ತೂ' ಅನ್ನುತ್ತಾರೆ. ಆದರೆ ಎಲ್ಲಾ ಹೊತ್ತೂ ಒಂದೇ ಥರ ಇರುವುದಿಲ್ಲ, ಅಲ್ವಾ?

ಮೊದಲು ಒಂದು ವಾರ ಬರೆದಿಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ದಿನಕ್ಕೊಂದು ಪುಟ, ಪುಟಕ್ಕೆ 24 ಸಾಲು. ಪ್ರತಿ ಗಂಟೆಗೆ ಎರಡೇ ವಿಷಯ ಬರೆಯಿರಿ: ಅವರು ಏನು ಮಾಡುತ್ತಿದ್ದರು, ಅವರ ಜೊತೆ ಯಾರಿದ್ದರು. ರಾತ್ರಿ ಎದ್ದದ್ದನ್ನೂ ಬಿಡಬೇಡಿ. ಏಳು ದಿನ ಬರೆದರೆ ಸಾಕು.

ನಾವು ಇದನ್ನು ಮಾಡಿದ್ದು ತಡವಾಗಿ, ಒಂದು ತಪ್ಪು ಮಾಡಿದ ಮೇಲೆ. ಮೊದಲು ಇಟ್ಟುಕೊಂಡಿದ್ದ ಹೆಂಗಸು ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಇರುತ್ತಿದ್ದರು. ಆ ಹೊತ್ತು ಅವರಿಗೆ ಬಿಡುವಿತ್ತು, ನಾವು ಒಪ್ಪಿಕೊಂಡೆವು. ವಾರದ ಪುಟಗಳನ್ನು ಮುಂದಿಟ್ಟುಕೊಂಡು ನೋಡಿದರೆ ನಗು ಬಂತು. ಬೆಳಿಗ್ಗೆ ಒಂಬತ್ತರಿಂದ ಒಂದರವರೆಗೆ ಅಮ್ಮ ದಿನದಲ್ಲೇ ಅತ್ಯಂತ ಶಾಂತವಾಗಿ ಇರುತ್ತಿದ್ದಳು. ಬಟ್ಟೆ ಮಡಚುತ್ತಾ ಕೂರುತ್ತಿದ್ದಳು. ಕಷ್ಟ ಶುರುವಾಗುತ್ತಿದ್ದದ್ದು ಸಂಜೆ ಐದಕ್ಕೆ.

ಐದು ಗಂಟೆಗೆ ಅಮ್ಮ ಹಳೇ ಕೈಚೀಲ ಹೆಗಲಿಗೆ ಹಾಕಿಕೊಂಡು, ಚಪ್ಪಲಿ ಮೆಟ್ಟಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. ಎಡಗಾಲಿನದು ಬಲಗಾಲಿಗೆ. 'ಕತ್ತಲಾಗ್ತಾ ಬಂತು, ನಾನು ಮನೆಗೆ ಹೋಗ್ಬೇಕು. ಅಮ್ಮ ಕಾಯ್ತಾ ಇರ್ತಾಳೆ.' ಅವಳ ಅಮ್ಮ ತೀರಿಕೊಂಡು ನಲವತ್ತು ವರ್ಷ ಆಗಿತ್ತು. ನಾನು ಕೆಲಸದಿಂದ ಆಗಷ್ಟೇ ಬಂದಿರುತ್ತಿದ್ದೆ. 'ಇದೇ ನಿನ್ನ ಮನೆ ಕಣಮ್ಮ' ಅನ್ನುತ್ತಿದ್ದೆ. ಅವಳು ನನ್ನನ್ನು ದಿಟ್ಟಿಸಿ ನೋಡಿ, 'ನೀವು ಯಾರು ಹೇಳೋಕೆ?' ಅಂತ ಕೇಳಿದ ದಿನವೂ ಇದೆ. ಮೂರು ಗಂಟೆ ಇದೇ ನಡೆಯುತ್ತಿತ್ತು. ನಾವು ದುಡ್ಡು ಕೊಟ್ಟು ನೆರವು ತಂದದ್ದು ನೆರವು ಬೇಡದ ಹೊತ್ತಿಗೆ.

ಬರೆದಿಟ್ಟ ಪುಟಗಳನ್ನು ಓದುವಾಗ ಇನ್ನೊಂದನ್ನೂ ಗಮನಿಸಿ. ಹಿರಿಯರು ಸ್ವಂತ ಏನೇನು ಮಾಡಿಕೊಳ್ಳಬಲ್ಲರು ಅಂತ ಅಳೆಯಲು ಡಾಕ್ಟರುಗಳು ಎರಡು ಪಟ್ಟಿ ಬಳಸುತ್ತಾರೆ. ಒಂದು ಮೈಗೆ ಸಂಬಂಧಿಸಿದ್ದು, 1963ರಲ್ಲಿ ಬಂದದ್ದು: ಸ್ನಾನ, ಬಟ್ಟೆ ಹಾಕಿಕೊಳ್ಳುವುದು, ಟಾಯ್ಲೆಟ್‌ಗೆ ಹೋಗುವುದು, ಮಂಚದಿಂದ ಎದ್ದು ಕುರ್ಚಿಗೆ ಬರುವುದು, ಮಲಮೂತ್ರದ ಹಿಡಿತ, ತಿನ್ನುವುದು. ಇನ್ನೊಂದು ಸಂಸಾರ ನಡೆಸುವುದಕ್ಕೆ ಸಂಬಂಧಿಸಿದ್ದು, 1969ರದ್ದು: ಫೋನ್, ಸಾಮಾನು ತರುವುದು, ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದು, ಓಡಾಟ, ಮಾತ್ರೆ, ಹಣಕಾಸು. ಸಾಮಾನ್ಯವಾಗಿ ಸಂಸಾರದ ಪಟ್ಟಿ ಮೊದಲು ಕೈ ಬಿಡುತ್ತದೆ, ಮೈಯ ಪಟ್ಟಿ ಆಮೇಲೆ. ಸಂಸಾರದ ಪಟ್ಟಿಯಷ್ಟೇ ಹೋಗಿದ್ದರೆ ದಿನಕ್ಕೆ ಕೆಲವು ಗಂಟೆಯ ನೆರವು ಸಾಕಾಗಬಹುದು. ಮೈಯ ಪಟ್ಟಿಯಲ್ಲಿ ಎರಡು ಮೂರು ಹೋದರೆ ಬೆಳಿಗ್ಗೆ ರಾತ್ರಿ ಒಂದು ಜೊತೆ ಕೈ ಬೇಕೇ ಬೇಕು.

ಆದರೆ ಎರಡೂ ಪಟ್ಟಿಗೆ ಸಿಗದ ಒಂದು ಕೆಲಸ ಇದೆ: ಸುಮ್ನೆ ಕಣ್ಣಿಟ್ಟಿರುವುದು. ಸ್ನಾನವನ್ನೂ ಮಾಡಬಲ್ಲ, ತಾನೇ ತಿನ್ನಬಲ್ಲ ವ್ಯಕ್ತಿ ಒಲೆ ಹಚ್ಚಿ ಮರೆಯಬಹುದು, ಬಾಗಿಲು ತೆಗೆದು ಹೊರಟುಬಿಡಬಹುದು. ಕೆಲಸದ ಲೆಕ್ಕ ಹಾಕುವವರು ಇಂಥವರನ್ನು 'ಹಗುರ ಕೇಸು' ಅನ್ನುತ್ತಾರೆ. ಮನೆಯವರನ್ನು ಸುಸ್ತು ಮಾಡುವುದು ಇದೇ ಹಗುರ ಕೇಸು.

ಇದ್ದಕ್ಕಿದ್ದಂತೆ ಕೆಟ್ಟರೆ ಏರ್ಪಾಡು ಬದಲಿಸಬೇಡಿ, ಡಾಕ್ಟರನ್ನು ನೋಡಿ

ಡಿಮೆನ್ಷಿಯಾದಲ್ಲಿ ಸ್ಥಿತಿ ಸಾಮಾನ್ಯವಾಗಿ ತಿಂಗಳು ವರ್ಷಗಳ ಲೆಕ್ಕದಲ್ಲಿ ಕೆಡುತ್ತಾ ಹೋಗುತ್ತದೆ. ನಿನ್ನೆ ಸರಿ ಇದ್ದವರು ಇವತ್ತು ಪೂರಾ ಗಲಿಬಿಲಿಯಾದರೆ, ಇಲ್ಲವೇ ಎಬ್ಬಿಸಿದರೂ ಏಳದಷ್ಟು ಮಂಪರಾದರೆ, ಅದು ಡೆಲಿರಿಯಂ ಇರಬಹುದು, ಅಂದರೆ ಮೈಯ ಬೇರೆ ತೊಂದರೆಯಿಂದ ಮೆದುಳಿಗೆ ಇದ್ದಕ್ಕಿದ್ದಂತೆ ಬರುವ ಗಲಿಬಿಲಿ. ಮೂತ್ರದ ಸೋಂಕು, ನ್ಯುಮೋನಿಯಾ, ಮಲಬದ್ಧತೆ, ಮೈಯಲ್ಲಿ ನೀರು ಕಡಿಮೆಯಾಗಿರುವುದು, ಹೊಸ ಮಾತ್ರೆ, ನೋವು, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಅವತ್ತೇ ತೋರಿಸಬೇಕು. ಇದನ್ನು 'ಕಾಯಿಲೆ ಜಾಸ್ತಿಯಾಯಿತು' ಅಂದುಕೊಂಡು ಆರೈಕೆ ಮನೆ ಹುಡುಕಲು ಹೊರಟವರನ್ನು ಕಂಡಿದ್ದೇನೆ.

ಕಾಯಿಲೆಯ ಬಗೆಯನ್ನೂ ಡಾಕ್ಟರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಡಿಮೆನ್ಷಿಯಾ ಅನ್ನುವುದು ಒಂದು ಕಾಯಿಲೆಯ ಹೆಸರಲ್ಲ, ಹಲವು ಕಾಯಿಲೆಗಳಿಂದ ಬರುವ ಸ್ಥಿತಿ. ಅದರಲ್ಲಿ 60ರಿಂದ 70 ಶೇಕಡಾ ಅಲ್ಝೈಮರ್. ಉಳಿದ ಬಗೆಗಳಿಗೆ ನೆರವು ಆರಿಸುವಾಗ ಲೆಕ್ಕ ಬೇರೆ ಆಗುತ್ತದೆ. ಲೂಯಿ ಬಾಡಿ ಬಗೆಯಲ್ಲಿ ಇಲ್ಲದ ಜನ, ಪ್ರಾಣಿ ಕಣ್ಣಿಗೆ ಕಾಣುತ್ತವೆ, ನಡಿಗೆ ತಡವರಿಸುತ್ತದೆ, ಒಂದು ಗಂಟೆ ಚುರುಕು ಇನ್ನೊಂದು ಗಂಟೆ ಮಂಕು. ಬೀಳುವ ಭಯ ಇರುವುದರಿಂದ ಪಕ್ಕದಲ್ಲೇ ಇರುವವರು ಬೇಕು. ಇವರಿಗೆ ಕೆಲವು ಆಂಟಿಸೈಕೋಟಿಕ್ ಮಾತ್ರೆಗಳು (ಭ್ರಮೆ, ಉದ್ರೇಕ ತಗ್ಗಿಸಲು ಕೊಡುವಂಥವು) ಜೀವಕ್ಕೇ ಕುತ್ತು ತರಬಹುದು, ಹಾಗಾಗಿ ಹೊಸ ಡಾಕ್ಟರ್, ಹೊಸ ನರ್ಸ್ ಯಾರು ಬಂದರೂ ಮೊದಲು ಹೇಳಬೇಕಾದ ಮಾತು ಇದು. ಫ್ರಂಟೋಟೆಂಪೊರಲ್ ಬಗೆ ಎಷ್ಟೋ ಸಲ 65 ವಯಸ್ಸಿಗೂ ಮೊದಲೇ ಬರುತ್ತದೆ. ನೆನಪು ಚೆನ್ನಾಗಿಯೇ ಇರಬಹುದು, ನಡತೆ ಬದಲಾಗಿರುತ್ತದೆ, ಮೈಯಲ್ಲಿ ಕಸುವಿರುತ್ತದೆ. ಇಲ್ಲಿ ತಾಳ್ಮೆಯ ಜೊತೆ ತರಬೇತಿಯೂ ಇರುವವರು ಬೇಕು.

ಮನೆಯವರೇ ನೋಡಿಕೊಳ್ಳುವುದು

ಎಲ್ಲರೂ ಶುರು ಮಾಡುವುದು ಇಲ್ಲಿಂದಲೇ. ಇದರ ಲಾಭ ದೊಡ್ಡದು: ಗೊತ್ತಿರುವ ಮುಖ, ಗೊತ್ತಿರುವ ದನಿ. ಯಾವ ಹಾಡಿಗೆ ಅಮ್ಮ ತಲೆ ಆಡಿಸುತ್ತಾಳೆ, ಯಾವ ಮಾತಿಗೆ ಮುಖ ಊದಿಸಿಕೊಳ್ಳುತ್ತಾಳೆ ಅನ್ನುವುದನ್ನು ಯಾರಿಗೂ ಹೇಳಿಕೊಡಬೇಕಿಲ್ಲ.

ನಷ್ಟ ಮಾತ್ರ ಕಣ್ಣಿಗೆ ಕಾಣುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಡಿಮೆನ್ಷಿಯಾ ಇರುವವರ ಆರೈಕೆಗೆ ಮನೆಯವರು, ಆಪ್ತರು ಸರಾಸರಿ ದಿನಕ್ಕೆ 5 ಗಂಟೆ ಕೊಡುತ್ತಾರೆ. ಆ ಗಂಟೆಗಳಲ್ಲಿ 70 ಶೇಕಡಾ ಹೆಂಗಸರದ್ದು. ಮೊದಲ ದಿನ ಅಣ್ಣ ನನ್ನ ಮುಖ ಯಾಕೆ ನೋಡಿದ ಅಂತ ಆಗಲೇ ಗೊತ್ತಾಗಬೇಕಿತ್ತು ನನಗೆ.

ಮನೆಯವರೇ ಅಂದಾಗ ಅದರೊಳಗೂ ಒಂದು ಆಯ್ಕೆ ಇದೆ. ಅಮ್ಮನನ್ನು ಮಕ್ಕಳ ಮನೆಗಳಿಗೆ ಸರದಿಯಲ್ಲಿ ಕರೆದೊಯ್ಯುವುದಾ, ಅಮ್ಮನನ್ನು ಒಂದೇ ಕಡೆ ಇಟ್ಟು ಮಕ್ಕಳು ಸರದಿಯಲ್ಲಿ ಬರುವುದಾ? ಮೊದಲನೆಯದು ಮಕ್ಕಳ ನಡುವೆ ನ್ಯಾಯ. ಅಮ್ಮನಿಗೆ ಅದು ಶಿಕ್ಷೆ. ಮೂರು ತಿಂಗಳಿಗೊಮ್ಮೆ ಬಚ್ಚಲುಮನೆ ಬೇರೆ ಕಡೆ, ಲೈಟಿನ ಸ್ವಿಚ್ ಬೇರೆ ಕಡೆ, ಕಿಟಕಿ ಬೇರೆ ದಿಕ್ಕಿಗೆ. ಹೊಸದನ್ನು ಕಲಿಯಲಾರದ ಮೆದುಳಿಗೆ ಪ್ರತಿ ಸಲವೂ ಹೊಸ ಊರು. ನಾವು ಎರಡು ಸುತ್ತು ಮಾಡಿ ಕೈಬಿಟ್ಟೆವು. ತಂಗಿಯ ಮನೆಯಲ್ಲಿ ರಾತ್ರಿ ಟಾಯ್ಲೆಟ್ ಹುಡುಕುತ್ತಾ ಅಮ್ಮ ಬಟ್ಟೆಯ ಕಪಾಟು ತೆರೆದಿದ್ದಳು.

ಹತ್ತಿರ ಇರಲಾರದ ಮಕ್ಕಳಿಗೂ ಕೆಲಸ ಇದೆ. ಮಾತ್ರೆ ತರಿಸುವುದು, ಡಾಕ್ಟರ ದಿನ ಗೊತ್ತು ಮಾಡುವುದು, ಲೆಕ್ಕಪತ್ರ, ವಾರದ ಕೊನೆಯ ಎರಡು ರಾತ್ರಿ. 'ನಾನು ದುಡ್ಡು ಕಳಿಸ್ತೀನಿ' ಅನ್ನುವುದು ಒಳ್ಳೆಯದೇ, ಆದರೆ ರಾತ್ರಿ ಎರಡು ಗಂಟೆಗೆ ದುಡ್ಡು ಏಳುವುದಿಲ್ಲ.

ನೋಡಿಕೊಳ್ಳುವವರ ಭಾರ ಅಳೆಯಲು 22 ಪ್ರಶ್ನೆಗಳ ಒಂದು ಪಟ್ಟಿ ಇದೆ, ಜಾರಿಟ್ ಅಂತ ಹೆಸರು. ಡಾಕ್ಟರ ಹತ್ತಿರ ಕೇಳಿ ತುಂಬಿಸಿ. ನಾನು ತುಂಬಿಸುವಾಗ ಅರ್ಧಕ್ಕೆ ಅತ್ತೆ. ಅತ್ತದ್ದರಿಂದ ಒಂದು ಉಪಕಾರವಾಯಿತು, ಅಣ್ಣ ಮೊದಲ ಸಲ ಆ ಹಾಳೆಯನ್ನು ಪೂರ್ತಿ ಓದಿದ. ನ್ಯೂಯಾರ್ಕಿನಲ್ಲಿ ನಡೆದ ಒಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಅಲ್ಝೈಮರ್ ಇರುವವರ ಗಂಡ ಅಥವಾ ಹೆಂಡತಿಗೆ ಆಪ್ತಸಲಹೆ, ಮನೆಮಂದಿಯನ್ನೆಲ್ಲ ಕೂರಿಸಿ ಮಾತು, ನೋಡಿಕೊಳ್ಳುವವರ ಗುಂಪು, ಬೇಕಾದಾಗ ಫೋನು, ಇಷ್ಟು ಕೊಟ್ಟು ನೋಡಿದರು. ಇಂಥ ನೆರವು ಸಿಕ್ಕ ಮನೆಗಳಲ್ಲಿ ನರ್ಸಿಂಗ್ ಹೋಮಿಗೆ ಸೇರಿಸುವ ದಿನ ಸುಮಾರು 557 ದಿನ ಮುಂದಕ್ಕೆ ಹೋಯಿತು. ಅಂದರೆ ಒಂದೂವರೆ ವರ್ಷ. ಹೊಸ ಮಾತ್ರೆಯಿಂದಲ್ಲ, ನೋಡಿಕೊಳ್ಳುವವರನ್ನು ನೋಡಿಕೊಂಡದ್ದರಿಂದ. ಹಾಗಾಗಿ ಆಪ್ತಸಲಹೆ, ಗುಂಪು ಇವನ್ನೂ ಒಂದು ಆಯ್ಕೆ ಅಂತಲೇ ಲೆಕ್ಕಕ್ಕೆ ಹಿಡಿಯಿರಿ. ವಿಶ್ವ ಆರೋಗ್ಯ ಸಂಸ್ಥೆಯ 'ಐಸಪೋರ್ಟ್' ಅನ್ನುವ ತರಬೇತಿಯೂ ಇದೆ, ಮನೆಯಲ್ಲೇ ಕೂತು ಕಲಿಯಬಹುದು.

ಕೆಲವು ಗಂಟೆಗೆ ಬಂದು ಹೋಗುವವರು

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳಬೇಕು. ನರ್ಸ್ ಬೇರೆ, ಅಟೆಂಡರ್ ಬೇರೆ. ಮೂಗಿನ ನಳಿಕೆ, ಮೂತ್ರದ ನಳಿಕೆ (ಕ್ಯಾಥೆಟರ್), ಇಂಜೆಕ್ಷನ್, ಹುಣ್ಣಿನ ಡ್ರೆಸಿಂಗ್ ಇದ್ದರೆ ಕಲಿತ ನರ್ಸ್ ಬೇಕು. ಸ್ನಾನ, ತಿನ್ನಿಸುವುದು, ನಡೆಸುವುದು, ಜೊತೆಗಿರುವುದು ಅಂದರೆ ಅಟೆಂಡರ್ ಸಾಕು. ಎರಡನ್ನೂ 'ಹೋಂ ನರ್ಸ್' ಅಂತಲೇ ಕರೆಯುವುದರಿಂದ ಕೆಲವರು ಬೇಡದ ಓದಿಗೆ ಜಾಸ್ತಿ ದುಡ್ಡು ಕೊಡುತ್ತಾರೆ. ಇನ್ನು ಕೆಲವರು ಕಲಿಯದವರ ಕೈಗೆ ನಳಿಕೆ ಕೊಡುತ್ತಾರೆ. ಎರಡನೆಯದು ಅಪಾಯ.

ಡಿಮೆನ್ಷಿಯಾಗೆ ಅಟೆಂಡರ್ ಹುಡುಕುವಾಗ ಅನುಭವದ ವರ್ಷ ಎಣಿಸುವುದಕ್ಕಿಂತ ಒಂದು ಪ್ರಶ್ನೆ ಕೇಳಿ: 'ಸ್ನಾನ ಬೇಡ ಅಂತ ಹಠ ಹಿಡಿದರೆ ಏನು ಮಾಡ್ತೀರಿ?' ಈ ಪ್ರಶ್ನೆ ನಮ್ಮ ಬಚ್ಚಲಿನಲ್ಲೇ ಹುಟ್ಟಿದ್ದು.

ನಮಗೆ ಮೊದಲು ಸಿಕ್ಕವರಿಗೆ ಹತ್ತು ವರ್ಷದ ಅನುಭವ. ಆಸ್ಪತ್ರೆಯಲ್ಲಿ ಕೆಲಸ ಮಾಡಿದ್ದರು. 'ಬನ್ನಿ ಅಜ್ಜಿ, ಹೊತ್ತಾಯ್ತು' ಅಂತ ರಟ್ಟೆ ಹಿಡಿದು ಎಬ್ಬಿಸಿ, ಬಟ್ಟೆ ಬಿಚ್ಚಿಸಿ, ಶವರ್ ತಿರುಗಿಸುತ್ತಿದ್ದರು. ಹತ್ತು ನಿಮಿಷಕ್ಕೆ ಸ್ನಾನ ಮುಗಿಯುತ್ತಿತ್ತು. ಅಮ್ಮ ಕಿರುಚುತ್ತಿದ್ದಳು, ಉಗುರಿನಿಂದ ಪರಚುತ್ತಿದ್ದಳು. 'ಪೇಷಂಟ್ ತುಂಬಾ ವಯಲೆಂಟ್' ಅಂತ ಪುಸ್ತಕದಲ್ಲಿ ಬರೆದರು. ಆಮೇಲೆ ಬಂದವರು ಚಿಕ್ಕ ಹುಡುಗಿ, ಕೆಲಸಕ್ಕೆ ಸೇರಿ ಒಂದು ವರ್ಷವೂ ಆಗಿರಲಿಲ್ಲ. ಅವಳು ಮೊದಲ ಎರಡು ದಿನ ಸ್ನಾನದ ಮಾತೇ ಎತ್ತಲಿಲ್ಲ. ಮೂರನೇ ದಿನ ಅಮ್ಮನನ್ನು ಸ್ಟೂಲಿನ ಮೇಲೆ ಕೂರಿಸಿ, ಹೆಗಲಿಗೆ ಟವೆಲ್ ಹೊದಿಸಿದಳು. ಮಗ್ ಅಮ್ಮನ ಕೈಗೇ ಕೊಟ್ಟು, 'ಅಜ್ಜಿ, ಕಾಲು ತೊಳ್ಕೊಳೋಣ್ವಾ?' ಅಂದಳು. ಅಮ್ಮ ಪಾದಕ್ಕೆ ನೀರು ಹಾಕಿಕೊಂಡಳು. ಆಮೇಲೆ ಮೊಣಕಾಲು. ಟವೆಲ್ ಹೆಗಲ ಮೇಲೇ ಇತ್ತು, ಅದರ ಮೇಲೇ ಬಿಸಿ ನೀರು ಬಿತ್ತು. ನಲವತ್ತು ನಿಮಿಷ ಹಿಡಿಯಿತು. ಕಿರುಚಾಟ ಇಲ್ಲ.

ಆ ಪ್ರಶ್ನೆಗೆ 'ಹೇಗಾದ್ರೂ ಮಾಡಿಸ್ತೀನಿ' ಅನ್ನುವವರನ್ನು ಬಿಡಿ. 'ಆಮೇಲೆ ಕೇಳಿ ನೋಡ್ತೀನಿ, ಇವತ್ತು ಮೈ ಒರೆಸಿದರೂ ಆಗುತ್ತೆ' ಅನ್ನುವವರನ್ನು ಹಿಡಿದುಕೊಳ್ಳಿ.

ಬಂದು ಹೋಗುವ ನೆರವು ಯಾರಿಗೆ ಒಪ್ಪುತ್ತದೆ? ಕಷ್ಟದ ಹೊತ್ತು ಮೂರು ನಾಲ್ಕು ಗಂಟೆಯಷ್ಟೇ ಇದ್ದು, ರಾತ್ರಿ ನಿದ್ದೆ ಪರವಾಗಿಲ್ಲ ಅನ್ನುವ ಮನೆಗಳಿಗೆ. ಗಂಟೆಗಳನ್ನು ನೀವು ಹೇಳಿ, ಅವರ ಬಿಡುವಿಗೆ ನೀವು ಹೊಂದಿಕೊಳ್ಳಬೇಡಿ. ಸಂಜೆ ಬರುವವರು ಸಿಗುವುದು ಕಷ್ಟ, ನಿಜ. ಎರಡು ತಿಂಗಳು ಹುಡುಕಿದರೂ ಪರವಾಗಿಲ್ಲ, ಸಂಜೆಯವರನ್ನೇ ಹುಡುಕಿ.

ಮನೆಯಲ್ಲೇ ಉಳಿಯುವವರು

'24 ಗಂಟೆ ಇರ್ತಾರೆ' ಅನ್ನುವ ಮಾತು ಕೇಳಿದಾಗ ಮೈ ಹಗುರ ಆಗುತ್ತದೆ. ಸ್ವಲ್ಪ ನಿಲ್ಲಿ. ಮನೆಯಲ್ಲಿ 24 ಗಂಟೆ ಇರುವುದು ಬೇರೆ, 24 ಗಂಟೆ ಎಚ್ಚರ ಇರುವುದು ಬೇರೆ. ಯಾವ ಮನುಷ್ಯರೂ ಎರಡನೆಯದನ್ನು ಮಾಡಲಾರರು. ಅಮ್ಮ ರಾತ್ರಿ ನಾಲ್ಕು ಸಲ ಏಳುತ್ತಿದ್ದ ತಿಂಗಳುಗಳಲ್ಲಿ ನಮ್ಮ ಹುಡುಗಿ ಹಗಲು ಕೂತಲ್ಲೇ ತೂಕಡಿಸುತ್ತಿದ್ದಳು. ತಪ್ಪು ಅವಳದ್ದಲ್ಲ. ಒಬ್ಬಳಿಗೆ ಇಬ್ಬರ ಕೆಲಸ ಕೊಟ್ಟಿದ್ದೆವು.

ನೋಟ್‌ಬುಕ್ ಇಲ್ಲೂ ಕೆಲಸಕ್ಕೆ ಬರುತ್ತದೆ. ರಾತ್ರಿ ಒಂದೆರಡು ಸಲ ಎದ್ದು ಮತ್ತೆ ಮಲಗುವವರಾದರೆ ಮನೆಯಲ್ಲಿ ಉಳಿಯುವ ಒಬ್ಬರು ಸಾಕು. ಅದಕ್ಕಿಂತ ಜಾಸ್ತಿಯಾದರೆ ಎರಡೇ ದಾರಿ: 12 ಗಂಟೆಯ ಎರಡು ಪಾಳಿ, ಇಲ್ಲವೇ ರಾತ್ರಿಗೆ ಬೇರೆಯವರು. ಪಾಳಿಯಲ್ಲಿ ಎಚ್ಚರ ಇರುವ ಕಣ್ಣು ಸಿಗುತ್ತದೆ, ಆದರೆ ಮುಖಗಳು ಜಾಸ್ತಿಯಾಗುತ್ತವೆ. ಒಬ್ಬರೇ ಇದ್ದರೆ ಮುಖ ಒಂದೇ, ಕಣ್ಣು ಮುಚ್ಚುತ್ತದೆ. ನನ್ನನ್ನು ಕೇಳಿದರೆ ಕಾಯಿಲೆಯ ಮಧ್ಯದ ವರ್ಷಗಳಲ್ಲಿ ಒಂದೇ ಮುಖಕ್ಕೆ ಬೆಲೆ ಜಾಸ್ತಿ. ಎದ್ದು ಓಡಾಡುವ, ಬೀಳುವ ರಾತ್ರಿಗಳು ಶುರುವಾದ ಮೇಲೆ ಎಚ್ಚರದ ಕಣ್ಣಿಗೆ ಬೆಲೆ ಜಾಸ್ತಿ.

ಉಳಿಯುವವರಿಗೆ ಬಾಗಿಲು ಹಾಕಿಕೊಳ್ಳಬಹುದಾದ ಒಂದು ಜಾಗ, ವಾರದ ರಜೆ, ದಿನದಲ್ಲಿ ಎರಡು ಗಂಟೆ ತಮ್ಮದೇ ಬಿಡುವು ಇರಲೇಬೇಕು. ಆ ಗಂಟೆಗಳನ್ನು ಯಾರು ತುಂಬುತ್ತೀರಿ ಅಂತ ಮೊದಲೇ ನಿರ್ಧರಿಸಿ. ಅವರು ರಜೆಗೆ ಊರಿಗೆ ಹೋದಾಗ ಯಾರು ಅನ್ನುವುದನ್ನೂ ಸೇರಿಸಿಯೇ. ನಮಗೆ ಅತಿ ಕೆಟ್ಟ ವಾರಗಳು ಬಂದದ್ದು ಕಾಯಿಲೆ ಹೆಚ್ಚಾದಾಗಲ್ಲ, ಆ ಹುಡುಗಿ ಹತ್ತು ದಿನ ರಜೆ ಹಾಕಿದಾಗ.

ಏಜೆನ್ಸಿಯ ಮೂಲಕವೋ, ನೇರವಾಗಿಯೋ

ಏಜೆನ್ಸಿಯವರು ಹಿನ್ನೆಲೆ ವಿಚಾರಿಸಿರುತ್ತಾರೆ, ಒಬ್ಬರು ಬರದಿದ್ದರೆ ಇನ್ನೊಬ್ಬರನ್ನು ಕಳಿಸುತ್ತಾರೆ. ಇದೇ ಅವರ ಬಲ. ಡಿಮೆನ್ಷಿಯಾ ಇರುವ ಮನೆಯಲ್ಲಿ ಈ ಬಲವೇ ತೊಂದರೆಯೂ ಆಗುತ್ತದೆ. ನಾವು ಗೊತ್ತು ಮಾಡಿದ್ದ ಒಂದು ಏಜೆನ್ಸಿ ನಲವತ್ತು ದಿನದಲ್ಲಿ ನಾಲ್ಕು ಜನರನ್ನು ಬದಲಿಸಿತು. ಅವರ ಲೆಕ್ಕದಲ್ಲಿ ಒಂದು ದಿನವೂ ತಪ್ಪಿಲ್ಲ. ಅಮ್ಮನ ಲೆಕ್ಕದಲ್ಲಿ ಗುರುತಿಲ್ಲದ ನಾಲ್ಕು ಹೆಂಗಸರು ಅವಳ ಬಟ್ಟೆ ಬಿಚ್ಚಿದ್ದರು.

ನೇರವಾಗಿ ಇಟ್ಟುಕೊಂಡರೆ ಅದೇ ವ್ಯಕ್ತಿ ವರ್ಷಗಟ್ಟಲೆ ಉಳಿಯುವ ಸಾಧ್ಯತೆ ಇದೆ. ಕೊಟ್ಟ ಹಣ ಪೂರ್ತಿ ಅವರ ಕೈಗೇ ಹೋಗುತ್ತದೆ. ಆದರೆ ವಿಚಾರಿಸುವುದು, ಕಲಿಸುವುದು, ರಜೆ, ಕಾಯಿಲೆ, ಎಲ್ಲ ನಿಮ್ಮ ತಲೆಗೆ. ಗುರುತಿನ ದಾಖಲೆ ನೋಡುವುದು, ಹಿಂದೆ ಕೆಲಸ ಮಾಡಿದ ಮನೆಗೆ ಫೋನ್ ಮಾಡುವುದು, ಒಪ್ಪಂದ ಬರೆದುಕೊಳ್ಳುವುದು, ಇವುಗಳಲ್ಲಿ ದಾಕ್ಷಿಣ್ಯ ಬೇಡ. ಎರಡು ಕಡೆಗೂ ಒಳ್ಳೆಯದು.

ಏಜೆನ್ಸಿಯೇ ಆದರೆ ಕೇಳಬೇಕಾದ್ದು ಮೂರು: ಒಂದೇ ವ್ಯಕ್ತಿಯನ್ನು ಎಷ್ಟು ತಿಂಗಳು ಉಳಿಸುತ್ತೀರಿ, ಬದಲಿ ಬರುವವರನ್ನು ಹಳಬರ ಜೊತೆ ಒಂದು ದಿನ ಕೂರಿಸಿ ಪರಿಚಯ ಮಾಡಿಸುತ್ತೀರಾ, ಡಿಮೆನ್ಷಿಯಾ ಬಗ್ಗೆ ಏನು ಹೇಳಿಕೊಟ್ಟಿದ್ದೀರಿ. ಮೂರನೆಯದಕ್ಕೆ 'ನಮ್ಮವರಿಗೆ ಎಲ್ಲಾ ಗೊತ್ತು' ಅನ್ನುವ ಉತ್ತರ ಬಂದರೆ ಏನೂ ಹೇಳಿಕೊಟ್ಟಿಲ್ಲ ಅಂತ ತಿಳಿಯಿರಿ.

ಡೇ ಕೇರ್

ಜನ ಸುಮ್ನೆ ಬದಿಗಿಡುವ ಆಯ್ಕೆ ಇದು. 'ಮಕ್ಕಳನ್ನ ಕಳಿಸೋ ಥರ ಕಳಿಸೋದಾ?' ಅನ್ನುವ ಮುಜುಗರ. ನನಗೂ ಇತ್ತು. ಈಗ ಕೇಳಿದರೆ, ಕಾಯಿಲೆ ಶುರುವಿನಿಂದ ಮಧ್ಯದವರೆಗೆ ಇರುವವರಿಗೆ, ಹತ್ತಿರದಲ್ಲಿ ಒಳ್ಳೆಯ ಕೇಂದ್ರ ಇದ್ದರೆ, ನಾನು ಮೊದಲು ಹೇಳುವುದು ಇದನ್ನೇ. ಮನೆಗೆ ಬಂದವರು ಆರೈಕೆ ಕೊಡುತ್ತಾರೆ, ಗೆಳೆತನ ಕೊಡಲಾರರು. ಡೇ ಕೇರಿನಲ್ಲಿ ಅಮ್ಮನಿಗೆ ಒಬ್ಬ ಗೆಳತಿ ಸಿಕ್ಕಿದ್ದಳು. ಇಬ್ಬರೂ ದಿನವೂ ಹೊಸದಾಗಿ ಪರಿಚಯ ಮಾಡಿಕೊಳ್ಳುತ್ತಿದ್ದರು, ದಿನವೂ ಮೆಚ್ಚಿಕೊಳ್ಳುತ್ತಿದ್ದರು.

ಇನ್ನೊಂದು ಲಾಭ ನಾವು ಎಣಿಸಿರಲಿಲ್ಲ. ಮಧ್ಯಾಹ್ನದ ಉದ್ದ ನಿದ್ದೆ ತಪ್ಪಿತು, ನಮ್ಮ ಮನೆಯಲ್ಲಿ ರಾತ್ರಿಗಳು ಸುಧಾರಿಸಿದವು. ಆದರೆ ಸಂಜೆಯ ಗಲಾಟೆ ಪೂರ್ತಿ ಹೋಗಲಿಲ್ಲ, ಕೇಂದ್ರ ನಾಲ್ಕೂವರೆಗೆ ಮುಚ್ಚುತ್ತಿತ್ತು. ಅದಕ್ಕೇ ಹೇಳಿದ್ದು, ಗಂಟೆ ನೋಡಿ ಅಂತ.

ಬೆಳಿಗ್ಗೆ ಎದ್ದು ತಯಾರಾಗುವುದೇ ಯುದ್ಧವಾಗಿರುವವರಿಗೆ, ವಾಹನ ಹತ್ತಿದರೆ ಕಂಗಾಲಾಗುವವರಿಗೆ, ಹಾಸಿಗೆ ಹಿಡಿದವರಿಗೆ ಇದು ಒಪ್ಪುವುದಿಲ್ಲ. ಮೊದಲ ಎರಡು ದಿನ ನೋಡಿ ತೀರ್ಮಾನಿಸಬೇಡಿ. ವಾರಕ್ಕೆ ಮೂರು ದಿನದಂತೆ ಒಂದು ತಿಂಗಳು ಕಳಿಸಿ ನೋಡಿ. ಅಮ್ಮ ಮೊದಲ ವಾರ ಬಾಗಿಲಲ್ಲೇ ಕೂತಿದ್ದಳು.

ಕೆಲವು ದಿನದ ವಾಸ, ಆಮೇಲೆ ಆರೈಕೆ ಮನೆ

ಒಂದು ವಾರ, ಎರಡು ವಾರ ಇರಿಸಿಕೊಂಡು ನೋಡಿಕೊಳ್ಳುವ ಕಡೆಗಳಿವೆ. ನಿಮಗೆ ಆಪರೇಷನ್ ಇದ್ದಾಗ, ಮನೆಯಲ್ಲಿ ಬೇರೆ ಕಷ್ಟ ಬಂದಾಗ ಕೈ ಹಿಡಿಯುತ್ತವೆ. ವಾಪಸು ಬಂದ ಮೇಲೆ ಕೆಲವು ದಿನ ಗಲಿಬಿಲಿ ಇರಬಹುದು. ಪೂರ್ತಿ ಸೋತು ಹೋಗುವ ಮೊದಲೇ ಒಂದು ಸಲ ಬಳಸಿ ನೋಡಿ, ಜಾಗದ ಗುಣವೂ ಗೊತ್ತಾಗುತ್ತದೆ.

ಖಾಯಂ ಆರೈಕೆ ಮನೆಯ ವಿಷಯಕ್ಕೆ ಬಂದರೆ, 'ನಿನ್ನನ್ನ ಯಾವತ್ತೂ ಎಲ್ಲೂ ಕಳಿಸಲ್ಲ' ಅಂತ ಮಾತು ಕೊಡಬೇಡಿ. ನಾನು ಕೊಟ್ಟಿದ್ದೆ. 'ನಿನ್ನನ್ನ ಚೆನ್ನಾಗಿ ನೋಡ್ಕೋತೀವಿ' ಅನ್ನುವ ಮಾತನ್ನು ಉಳಿಸಿಕೊಳ್ಳಬಹುದು, ಮೊದಲನೆಯದನ್ನು ಉಳಿಸಿಕೊಳ್ಳಲು ಹೋಗಿ ಎರಡನೆಯದನ್ನು ಕಳೆದುಕೊಳ್ಳುತ್ತೇವೆ. ಎತ್ತಲು ಇಬ್ಬರು ಬೇಕಾದಾಗ, ಎಲ್ಲಾ ರಾತ್ರಿ ಎಚ್ಚರ ಬೇಕಾದಾಗ, ಹೊಡೆತ ನಿಲ್ಲದಿದ್ದಾಗ, ನೋಡಿಕೊಳ್ಳುವವರೇ ಹಾಸಿಗೆ ಹಿಡಿದಾಗ, ಮನೆಗಿಂತ ಒಳ್ಳೆಯ ಆರೈಕೆ ಮನೆ ವಾಸಿ.

ಒಳ್ಳೆಯದು ಅಂತ ಹೇಗೆ ತಿಳಿಯುವುದು? ಎಲ್ಲ ಕಡೆ ಬೆಳಿಗ್ಗೆ ಹನ್ನೊಂದಕ್ಕೆ ಕರೆದು ತೋರಿಸುತ್ತಾರೆ. ಹೋಗಿ. ಆಮೇಲೆ ಇನ್ನೊಂದು ದಿನ ಸಂಜೆ ಐದೂವರೆಗೆ ಹೇಳದೆ ಹೋಗಿ. ಆ ಹೊತ್ತಿನಲ್ಲಿ ಎಷ್ಟು ಜನ ಕೆಲಸದವರಿದ್ದಾರೆ, ಬಾಗಿಲ ಹತ್ತಿರ ನಿಂತವರ ಜೊತೆ ಯಾರಾದರೂ ಮಾತಾಡುತ್ತಿದ್ದಾರಾ ಅಂತ ನೋಡಿ. ಬೆಳಿಗ್ಗೆ ಹನ್ನೊಂದಕ್ಕೆ ಎಲ್ಲರೂ ಕುರ್ಚಿಯಲ್ಲಿ ತಲೆ ಬಾಗಿಸಿ ನಿದ್ದೆ ಮಾಡುತ್ತಿದ್ದರೆ ಮಾತ್ರೆಗಳ ಬಗ್ಗೆ ಕೇಳಿ. ಡಿಮೆನ್ಷಿಯಾ ಇರುವ ಹಿರಿಯರಲ್ಲಿ ಕೆಲವು ಆಂಟಿಸೈಕೋಟಿಕ್ ಮಾತ್ರೆಗಳು ಸಾವಿನ ಅಪಾಯ ಹೆಚ್ಚಿಸುತ್ತವೆ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2005ರಲ್ಲೇ ಎಚ್ಚರಿಸಿದೆ. ಕೆಲವೊಮ್ಮೆ ಅವು ಬೇಕಾಗುತ್ತವೆ, ಆದರೆ ಯಾಕೆ, ಎಷ್ಟು ದಿನ, ಯಾರು ಪರೀಕ್ಷಿಸುತ್ತಾರೆ ಅನ್ನುವುದಕ್ಕೆ ಉತ್ತರ ಇರಬೇಕು. ಕೆಲಸದವರ ಕೊರತೆಯನ್ನು ಮಾತ್ರೆಯಿಂದ ತುಂಬಿಸಬಾರದು. ಇದು ಮನೆಗೂ ಸಲ್ಲುವ ಮಾತು.

ಸಾಧನಗಳ ಬಗ್ಗೆ ಎರಡೇ ಮಾತು. ಬಾಗಿಲು ತೆರೆದರೆ ಸದ್ದು ಮಾಡುವ ಗಂಟೆ, ತಾನೇ ಆರುವ ಒಲೆ, ಜಿಪಿಎಸ್ ಇರುವ ಗಡಿಯಾರ, ಟಾಯ್ಲೆಟ್‌ವರೆಗೆ ಸಣ್ಣ ದೀಪಗಳು, ಇವು ಕಡಿಮೆ ಖರ್ಚಿನಲ್ಲಿ ಒಳ್ಳೆಯ ಕೆಲಸ ಮಾಡುತ್ತವೆ. ಕ್ಯಾಮೆರಾ ಮಾತ್ರ ಬೀಳುವುದನ್ನು ತೋರಿಸುತ್ತದೆ, ಹಿಡಿಯುವುದಿಲ್ಲ.

ನಮಗೆ ಕೊನೆಗೆ ಒಗ್ಗಿದ್ದು

ವಾರಕ್ಕೆ ಮೂರು ದಿನ ಡೇ ಕೇರ್, ದಿನವೂ ಸಂಜೆ ನಾಲ್ಕೂವರೆಯಿಂದ ಎಂಟೂವರೆಯವರೆಗೆ ಆ ಹುಡುಗಿ, ರಾತ್ರಿ ನಾನು, ವಾರದ ಕೊನೆಗೆ ಅಣ್ಣ. ಇದು ಎರಡು ವರ್ಷ ನಡೆಯಿತು. ಆಮೇಲೆ ಅಮ್ಮ ಬಿದ್ದು ಸೊಂಟ ಮುರಿದಳು, ಮತ್ತೆ ನೋಟ್‌ಬುಕ್ ತೆಗೆದೆವು. ಬಿದ್ದಾಗ, ಆಸ್ಪತ್ರೆಗೆ ಹೋಗಿ ಬಂದಾಗ, ಹಾಸಿಗೆ ಒದ್ದೆಯಾಗಲು ಶುರುವಾದಾಗ, ನೋಡಿಕೊಳ್ಳುವವರು ರೇಗಲು ಶುರು ಮಾಡಿದಾಗ ಹೀಗೆ ಮತ್ತೊಂದು ವಾರ ಬರೆಯುವುದು ಒಳ್ಳೆಯದು.

ಯಾವುದನ್ನೇ ಆರಿಸಿ, ಹೊಸಬರು ಬರುವ ಮೊದಲು ಒಂದು ಹಾಳೆ ತಯಾರಿಸಿ. ಒಂದೇ ಹಾಳೆ, ದೊಡ್ಡ ಅಕ್ಷರ. ಹೇಗೆ ಕರೆದರೆ ಇಷ್ಟ, ಯಾವ ಕಿವಿ ಕೇಳಿಸುತ್ತದೆ, ಹಿಂದೆ ಏನು ಕೆಲಸ ಮಾಡಿದ್ದರು, ಯಾವ ಮಾತು ಎತ್ತಬಾರದು, ನೋವಾದರೆ ಹೇಗೆ ತಿಳಿಯುತ್ತದೆ. ಮೊದಲ ಎರಡು ದಿನ ಹೊಸಬರು ನೆಂಟರ ಹಾಗೆ ಬಂದು ಕೂತು ಹೋಗಲಿ, ಮೈ ಮುಟ್ಟುವ ಕೆಲಸ ಆಮೇಲೆ. ನಮ್ಮ ಹಾಳೆಯ ಕೊನೆಯ ಸಾಲನ್ನು ಬರೆಸಿದ್ದು ಆ ಹುಡುಗಿಯೇ: 'ಐದು ಗಂಟೆಗೆ ಕೈಚೀಲ ಕೇಳಿದರೆ ಕೊಡಿ. ಚಪ್ಪಲಿ ಸರಿಯಾಗಿ ಹಾಕಿಸಿ. ಗೇಟಿನ ತನಕ ಜೊತೆಗೆ ನಡೆಯಿರಿ, ಅವರ ಅಮ್ಮನ ಬಗ್ಗೆ ಕೇಳಿ. ವಾಪಸು ಬರೋಣ ಅಂತ ಅವರೇ ಹೇಳ್ತಾರೆ.'